ವಾರ್ಡು ತಂಡದ ಬಲಾಬಲ

ಚಿಕ್ಕಂದಿನಲ್ಲಿ ಮೈಸೂರಿನ ನಮ್ಮ ಮನೆಗೆ ಪತ್ರಿಕೆ ಬಂದ ಕೂಡಲೇ ನಾನು ಕಿತ್ತುಕೊಳ್ಳುತ್ತಿದ್ದದ್ದು ಕ್ರೀಡಾ ಪುಟ. ಟೆಸ್ಟ್ ಪಂದ್ಯದ ಹಿಂದಿನ ದಿನ ಅಲ್ಲಿ 'ಉಭಯ ತಂಡಗಳ ಬಲಾಬಲ' ಎಂಬ ಬರಹ ಇರುತ್ತಿತ್ತು. ಇವರ ಬ್ಯಾಟಿಂಗ್ ಹೇಗೆ, ಅವರ ಸ್ಪಿನ್ ಹೇಗೆ, ಯಾರ ಹೆಬ್ಬೆರಳು ಊದಿದೆ, ಯಾರು ಲಯ ಕಳೆದುಕೊಂಡಿದ್ದಾರೆ. ಬರೆದ ಮಹಾಶಯರು ಗಲ್ಲಿಯಲ್ಲಾದರೂ ಬ್ಯಾಟು ಹಿಡಿದಿದ್ದರೋ ಇಲ್ಲವೋ, ತೀರ್ಪು ಮಾತ್ರ ಹೈಕೋರ್ಟಿನದು. ಆ ಗತ್ತು ನನಗೆ ಬಹಳ ಇಷ್ಟ. ಒಂದು ದಿನ ನಾನೂ ಹಾಗೆ ಬರೆಯಬೇಕು ಎಂದುಕೊಂಡಿದ್ದೆ. ಆ ದಿನ ಬಂದದ್ದು ಐವತ್ತು ದಾಟಿದ ಮೇಲೆ, ನ್ಯೂಜರ್ಸಿಯ ಮನ್ರೋದಲ್ಲಿ. ಬರೆದದ್ದು ಕ್ರಿಕೆಟ್ಟಿನ ಬಗ್ಗೆ ಅಲ್ಲ, ಬೇಸ್‌ಬಾಲಿನ ಬಗ್ಗೆ. ಅದೂ ನಿಜವಾದ ತಂಡಗಳ ಬಗ್ಗೆ ಅಲ್ಲ.

ಫ್ಯಾಂಟಸಿ ಲೀಗ್ ಅಂದರೆ ಇಷ್ಟೇ. ನಾವು ಹತ್ತು ಜನ ಕನ್ನಡಿಗರು. ಮಾರ್ಚಿನಲ್ಲಿ ಸರದಿಯ ಪ್ರಕಾರ ನಿಜವಾದ ಆಟಗಾರರನ್ನು ನಮ್ಮ ನಮ್ಮ ಕಾಗದದ ತಂಡಕ್ಕೆ ಆರಿಸಿಕೊಳ್ಳುತ್ತೇವೆ. ಆಮೇಲೆ ಆರು ತಿಂಗಳು ಅವರು ಎಲ್ಲೆಲ್ಲೋ ಆಡುತ್ತಾರೆ. ಅವರು ಹೊಡೆದದ್ದಕ್ಕೆ, ಎಸೆದದ್ದಕ್ಕೆ ಆಪ್ ನಮಗೆ ಪಾಯಿಂಟು ಕೊಡುತ್ತದೆ. ಯಾರನ್ನಾದರೂ ನಾವು ಬೆಂಚಿಗೆ ಹಾಕಿದರೆ ಆ ದಿನ ಅವನು ಗಳಿಸಿದ ಪಾಯಿಂಟು ನಮಗೆ ಸೇರುವುದಿಲ್ಲ. ನಾವು ಭೂಮಿಯ ಮೇಲೆ ಇದ್ದೇವೆ ಎಂಬುದೂ ಆ ಆಟಗಾರರಿಗೆ ಗೊತ್ತಿಲ್ಲ. ನಮಗೆ ಮಾತ್ರ ಅವರು ನಮ್ಮ ಹುಡುಗರು.

ಲೀಗಿನ ಅಧ್ಯಕ್ಷ ನಾನು. ಯಾರೂ ಆರಿಸಿದ್ದಲ್ಲ; ವಾಟ್ಸಾಪ್ ಗುಂಪು ಶುರು ಮಾಡಿದವನು ನಾನಾದ್ದರಿಂದ ಆದೆ. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಯಲ್ಲಿ ಸಭೆ. ನನ್ನ ಹೆಂಡತಿಯ ಉಪ್ಪಿಟ್ಟು, ಕಾಫಿ, ಜಗಳ. ಸಭೆಗೆ ಮುಂಚೆ ಗುಂಪಿನಲ್ಲಿ ನನ್ನ 'ಬಲಾಬಲ' ಬಂದಿರುತ್ತದೆ: ಹತ್ತೂ ತಂಡಗಳ ಶಕ್ತಿ, ದೌರ್ಬಲ್ಯ, ಒಂದರಿಂದ ಹತ್ತರವರೆಗೆ ಸ್ಥಾನ. ಪಕ್ಕದ ಊರು ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದರಲ್ಲಿ ವಾರವಿಡೀ ಡೇಟಾ ತೊಳೆಯುವವನು ನಾನು. ಆ ಕೆಲಸಕ್ಕೆ ಇಡದಷ್ಟು ಶ್ರದ್ಧೆಯನ್ನು ಇದಕ್ಕೆ ಇಡುತ್ತಿದ್ದೆ. ಮೊದಲ ಸ್ಥಾನದಲ್ಲಿ ಸಾಮಾನ್ಯವಾಗಿ ನನ್ನ ತಂಡವೇ ಇರುತ್ತಿತ್ತು. ಲೆಕ್ಕ ಹಾಗೆ ಬಂದರೆ ನಾನೇನು ಮಾಡಲಿ?

ನಮ್ಮ ಲೀಗಿಗೆ ಒಂದು ನಿಯಮ ಇತ್ತು, ಅದನ್ನು ಮಾಡಿದವನೂ ನಾನೇ. ಒಬ್ಬ ಮಹಾನುಭಾವ ಮಾರ್ಚಿನಲ್ಲಿ ತಂಡ ಕಟ್ಟಿ, ಸೆಪ್ಟೆಂಬರಿನವರೆಗೂ ಆಪ್ ತೆರೆಯದೆ, ಬರೀ ಉಪ್ಪಿಟ್ಟಿಗೆ ಬರುತ್ತಿದ್ದ. ನನ್ನ ಪಿತ್ತ ನೆತ್ತಿಗೇರಿ, ಕೊನೆಯ ಸ್ಥಾನಕ್ಕೆ ಬಂದವರು ಮುಂದಿನ ವರ್ಷ ಲೀಗಿನಿಂದ ಹೊರಗೆ, ಶನಿವಾರದ ಸಭೆಗೂ ಬರುವ ಹಾಗಿಲ್ಲ ಎಂದು ಬರೆದು ಹಾಕಿದೆ. ಹೊರಗೆ ಕಾಯುವವರ ಪಟ್ಟಿಯೇ ಇತ್ತು. ಎಲ್ಲರೂ ಒಪ್ಪಿಕೊಂಡರು.

ಹೋದ ವರ್ಷ ತಂಡ ಆರಿಸಲು ಎಂದಿನಂತೆ ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿರುವ ಗಣೇಶನ ದೇವಸ್ಥಾನಕ್ಕೆ ಹೋದೆವು. ಅದು ನಮ್ಮ ಪದ್ಧತಿ. ದೇವರಿಗೆ ಕೈಮುಗಿದು, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತ ಆರಿಸುವುದು. ಅರ್ಚನೆಗೆ ಹೆಸರು, ನಕ್ಷತ್ರ ಕೇಳಿದಾಗ ನಮ್ಮಲ್ಲೊಬ್ಬರು ತಮ್ಮ ತಂಡದ ಹೆಸರು ಹೇಳಿ, ನಕ್ಷತ್ರ ಗೊತ್ತಿಲ್ಲ ಎಂದರು. ಅರ್ಚಕರು ಇಂಥವರನ್ನು ಬಹಳ ನೋಡಿದ್ದಾರೆ. ಕುಟುಂಬದ ಹೆಸರಿನಲ್ಲೇ ಮಾಡಿಕೊಟ್ಟರು.

ನಾನು ಆರೋಗ್ಯವಂತರನ್ನೇ ಆರಿಸಿದೆ. ಹೋದ ಮೂರು ವರ್ಷ ಒಂದು ಆಟವನ್ನೂ ತಪ್ಪಿಸದ, ಗುಂಡುಕಲ್ಲಿನಂಥ ಹುಡುಗರು. ನನ್ನ ಪಕ್ಕದಲ್ಲಿ ಧಾರವಾಡದ ಡಾಕ್ಟರು ಕೂತಿದ್ದರು. ಅರವತ್ತೈದು ವಯಸ್ಸು, ಮೂಳೆ ಡಾಕ್ಟರು. ಅವರು ಆರಿಸಿದ್ದನ್ನು ಕೇಳಿ ನಾನು ದೋಸೆ ತಟ್ಟೆಯಲ್ಲೇ ಬಿಟ್ಟು ಅವರ ಕಡೆ ತಿರುಗಿದೆ. ಮೊದಲನೆಯವನು ಮೊಣಕೈ ಆಪರೇಷನ್ ಆಗಿ ಮನೆಯಲ್ಲಿರುವ ಪಿಚರ್, ಅಂದರೆ ಚೆಂಡು ಎಸೆಯುವವನು. ಎರಡನೆಯವನ ಭುಜ ಹೊಲಿದಿದ್ದಾರೆ. ಮೂರನೆಯವನ ಮಣಿಕಟ್ಟಿನಲ್ಲಿ ಸ್ಕ್ರೂ. ಮತ್ತೊಬ್ಬ ಇನ್ನೂ ಊರುಗೋಲಿನಲ್ಲಿ ನಡೆಯುತ್ತಿದ್ದ.

"ಡಾಕ್ಟ್ರೇ, ಇವರ್ಯಾರೂ ಆಡ್ತಾ ಇಲ್ಲ!"

"ಈಗ ಆಡಂಗಿಲ್ರೀ ಸಾಹೇಬ್ರ. ಆಮ್ಯಾಲ ಆಡ್ತಾರ." ಅಂಗಿಯ ಜೇಬಿನಿಂದ ಪುಟ್ಟ ನೋಟುಪುಸ್ತಕ ತೆಗೆದು, ಪ್ರತಿಯೊಬ್ಬನ ಹೆಸರಿನ ಮುಂದೆ ಒಂದೊಂದು ತಾರೀಖು ಬರೆದರು. ಬರೆಯುವಾಗ ಬಲಗೈ ನಡುಗುತ್ತಿತ್ತು, ಎಡಗೈಯಿಂದ ಅದರ ಮಣಿಕಟ್ಟು ಹಿಡಿದುಕೊಂಡಿದ್ದರು.

ಆ ನಡುಕದ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಅದು ಶುರುವಾಯಿತು. ಯಾರೂ ಹೇಳುವ ಮೊದಲೇ ಅವರಾಗಿ ಆಪರೇಷನ್ ಬಿಟ್ಟರು, ಆರು ತಿಂಗಳಲ್ಲಿ ಪ್ರಾಕ್ಟೀಸೇ ಬಿಟ್ಟರು. ಅದಕ್ಕೆ ಮುಂಚೆ ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಅವರಿಗೆ ಊಟ ಮಾಡಲು ಬಿಡುತ್ತಿರಲಿಲ್ಲ. ಒಬ್ಬರು ಮಂಡಿ ತೋರಿಸುವವರು, ಇನ್ನೊಬ್ಬರು ಸೊಂಟ ಹಿಡಿದುಕೊಂಡು ಬರುವವರು. ಬಿಟ್ಟ ಮೇಲೆ ಎಲ್ಲರೂ ಕೇಳುವುದನ್ನು ನಿಲ್ಲಿಸಿದರು. ಪಾಪ, ನೋವಾದೀತು ಎಂಬ ಮರ್ಯಾದೆ. ನನ್ನ ಎಡ ಮಂಡಿ ಹಿಮ ಬಾಚುವಾಗ ಜನವರಿಯಲ್ಲೇ ಹಿಡಿದುಕೊಂಡಿತ್ತು; ನಾನೂ ಅವರ ಮುಂದೆ ಕುಂಟದ ಹಾಗೆ ನಡೆಯುತ್ತಿದ್ದೆ. ನಮ್ಮ ಆ ಮರ್ಯಾದೆಯಲ್ಲಿ ಡಾಕ್ಟರು ಒಬ್ಬರೇ ಕೂತು ಊಟ ಮಾಡುವಂತಾಯಿತು.

ಅವರ ಹೆಂಡತಿ ಒಮ್ಮೆ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದರಂತೆ: "ಶನಿವಾರ ಬಂತಂದ್ರ ನಸುಕಿನ್ಯಾಗ ಎದ್ದು ದಾಡಿ ಮಾಡ್ಕೋತಾರ, ಇಸ್ತ್ರಿ ಅಂಗಿ ಹಾಕ್ಕೋತಾರ. ಉಳದ ದಿನಾ ಪೈಜಾಮಾನೂ ಬದಲಸಂಗಿಲ್ಲ. ಆ ಲೀಗ್ ಒಂದು ಇರ್ಲಿ ನೋಡವಾ." ನನ್ನ ಹೆಂಡತಿ ಇದನ್ನು ನನಗೆ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಗೊತ್ತಿದ್ದೂ ಏನು ಬರೆದೆ ನೋಡಿ. ಏಪ್ರಿಲ್ ಮೂರನೆಯ ವಾರದ ಬಲಾಬಲದಲ್ಲಿ, ಹತ್ತನೆಯ ಸ್ಥಾನಕ್ಕೆ ಹೀಗೆ ಬರೆದಿದ್ದೆ: "ಇದು ತಂಡವಲ್ಲ, ವಾರ್ಡು. ಬಲ: ಹಾಸಿಗೆಗಳು ಸಾಕಷ್ಟಿವೆ. ದೌರ್ಬಲ್ಯ: ಎದ್ದು ನಿಲ್ಲುವವರಿಲ್ಲ. ಅಭಿಮಾನಿಗಳು ವಿಸಿಟಿಂಗ್ ಅವರ್ಸ್ ನೋಡಿಕೊಂಡು ಬರಬೇಕಾಗಿ ವಿನಂತಿ. ಡಾಕ್ಟರಿಗೆ ಪ್ರಾಕ್ಟೀಸ್ ಬಿಡಲು ಇನ್ನೂ ಮನಸ್ಸಿಲ್ಲವೆಂದು ಕಾಣುತ್ತದೆ."

ಬರೆದಾಗ ನನಗೇ ನಗು ತಡೆಯಲಾಗಲಿಲ್ಲ. ಒತ್ತಿ ಕಳಿಸಿದೆ. ಸಾಮಾನ್ಯವಾಗಿ ನಿಮಿಷದೊಳಗೆ ನಗುವ ಮುಖಗಳು ಸುರಿಯುತ್ತವೆ. ಆ ದಿನ ಒಂದೂ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರಿಂದ ಒಂದೇ ಒಂದು ಹೆಬ್ಬೆರಳು ಬಂತು. ಹತ್ತು ಗಂಟೆಗೆ ಎಂಟು ಜನ ಬಂದರು, ಅವರು ಬರಲಿಲ್ಲ. ಮುಂದಿನ ಶನಿವಾರವೂ ಬರಲಿಲ್ಲ.

"ನಾಲಿಗೆ ಮೇಲೆ ಸ್ವಲ್ಪನಾದ್ರೂ ಹಿಡಿತ ಬೇಡ್ವಾ ನಿಮಗೆ?" ಎಂದು ನನ್ನ ಹೆಂಡತಿ ಪಾತ್ರೆ ಕುಕ್ಕಿದಳು. "ಕೊನೇ ಲೈನ್ ಬರೀಲೇಬೇಕಿತ್ತಾ?"

"ಅದು ತಮಾಷೆ ಕಣೇ. ಸ್ಪೋರ್ಟ್ಸ್ ರೈಟಿಂಗ್‌ನಲ್ಲಿ ಇದೆಲ್ಲಾ ಇರುತ್ತೆ."

"ಬಂದ್ಬಿಟ್ರು ದೊಡ್ಡ ಸ್ಪೋರ್ಟ್ಸ್ ರೈಟರ್ರು. ಹೋಗಿ ಕರ್ಕೊಂಡು ಬನ್ನಿ. ಇಲ್ಲಾಂದ್ರೆ ಮುಂದಿನ ವಾರದಿಂದ ಉಪ್ಪಿಟ್ಟು ನೀವೇ ಕೆದಕಿ."

ಕ್ಷಮೆ ಕೇಳುವುದು ನನ್ನ ಜಾಯಮಾನದಲ್ಲಿಲ್ಲ. ಉಪ್ಪಿಟ್ಟು ಮಾಡುವುದೂ ಇಲ್ಲ. ಡಬ್ಬಿಯಲ್ಲಿ ಉಪ್ಪಿಟ್ಟು ತುಂಬಿಸಿಕೊಂಡು ಅವರ ಮನೆಗೆ ಹೋದೆ. ಮೂರು ಬೀದಿ ಆಚೆ. ಡಾಕ್ಟರೇ ಬಾಗಿಲು ತೆರೆದರು. ಮುಖದಲ್ಲಿ ನಾಲ್ಕು ದಿನದ ಬಿಳಿ ಗಡ್ಡ.

"ಏನ್ರೀ ಸಾಹೇಬ್ರ, ವಿಸಿಟಿಂಗ್ ಅವರ್ಸಿಗೆ ಬಂದೀರೇನ್ರಿ?"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರು ನಗುತ್ತಿದ್ದರು, ಆದರೆ ಆ ನಗು ನನ್ನ ಮೇಲಿನ ಕರುಣೆಯಿಂದ ಎಂದು ಗೊತ್ತಾಗುತ್ತಿತ್ತು. ಡಬ್ಬಿ ಮುಂದೆ ಹಿಡಿದೆ. ತಪ್ಪಾಯಿತು ಎಂಬ ಮಾತು ಬಾಯಿಯವರೆಗೆ ಬಂದು, "ಬಿಸಿ ಇದೆ" ಎಂದು ಹೊರಬಿತ್ತು.

ಒಳಗೆ ಕರೆದು ಕೂರಿಸಿ ನೋಟುಪುಸ್ತಕ ತೆಗೆದರು. "ನೀವು ಬರದದ್ದು ಖರೇ ಅದ್ರೀ, ವಾರ್ಡೇ. ಆದ್ರ ನೋಡ್ರಿ, ಈ ಮೊಣಕೈ ಆಗಸ್ಟ್ ಆರಕ್ಕ ಮೈದಾನಕ್ಕ ಬರ್ತದ. ಭುಜ ಜುಲೈ ಇಪ್ಪತ್ತು. ಪೇಪರಿನ್ಯಾಗ ಏನರ ಬರೀಲಿ. ನಾ ಸಾವಿರಗಟ್ಟಲೆ ಮೊಣಕೈ ನೋಡೇನಿ, ನನಗ ಗೊತ್ತಾಗ್ತದ." ಪುಟದ ಮೇಲೆ ಬೆರಳಿಟ್ಟುಕೊಂಡೇ ಹೇಳಿದರು: "ಕೈ ಹೋತು, ಹೋಗ್ಲಿ. ಕಣ್ಣ ಅದನೋ ಇಲ್ಲೋ, ಅಷ್ಟ ನೋಡಬೇಕಾಗೇದ ನನಗ."

ಮುಂದಿನ ಶನಿವಾರ ಗಡ್ಡ ಬೋಳಿಸಿಕೊಂಡು ಬಂದರು. ನಾನು ಅವರ ತಂಡವನ್ನು ಹತ್ತನೆಯ ಸ್ಥಾನದಲ್ಲೇ ಇಟ್ಟೆ, ಆದರೆ ವಿಶೇಷಣಗಳನ್ನು ಬಿಟ್ಟೆ.

ಜೂನಿನಲ್ಲಿ ನನ್ನ ಗುಂಡುಕಲ್ಲುಗಳು ಉರುಳತೊಡಗಿದವು. ಒಬ್ಬನಿಗೆ ತೊಡೆಯ ಸ್ನಾಯು ಹಿಡಿಯಿತು. ಇನ್ನೊಬ್ಬ ಹೆಬ್ಬೆರಳು ಮುರಿದುಕೊಂಡ. ಮೂರು ವರ್ಷ ಒಂದು ಆಟ ತಪ್ಪಿಸದವನು ಸೀನುವಾಗ ಬೆನ್ನು ಹಿಡಿದುಕೊಂಡು ಆರು ವಾರ ಮಲಗಿದ. ಸೀನುವುದು, ಸ್ವಾಮಿ! ಕೋಟಿಗಟ್ಟಲೆ ಸಂಬಳ ತೆಗೆದುಕೊಳ್ಳುವವನಿಗೆ ಸರಿಯಾಗಿ ಸೀನಲು ಬರಬಾರದೇ? ನಾನು ಟೀವಿಯ ಮುಂದೆ ನಿಂತು ಅವನ ವಂಶವನ್ನೆಲ್ಲ ಬೈದೆ. ಡಾಕ್ಟರು ಪಕ್ಕದಲ್ಲಿ ಕೂತು ಮೃದುವಾಗಿ ಹೇಳಿದರು: "ಅವಂದು ಮೊದಲಿಂದ ಡಿಸ್ಕ್ ಸರಿ ಇರಲಿಲ್ರೀ. ನಡಗೀ ನೋಡಿದ್ರ ಗೊತ್ತಾಗ್ತಿತ್ತು."

"ಮತ್ತೆ ಮಾರ್ಚಲ್ಲಿ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರೀ."

ಅವರ ವಾರ್ಡಿನಿಂದ ಒಬ್ಬೊಬ್ಬರೇ ಎದ್ದು ಬರತೊಡಗಿದರು. ಭುಜದವನು ಜುಲೈ ಇಪ್ಪತ್ತೊಂದಕ್ಕೆ ಬಂದ. ಒಂದು ದಿನ ಹೆಚ್ಚು ಕಡಿಮೆ ಆದದ್ದಕ್ಕೆ ಡಾಕ್ಟರು ಬೇಜಾರು ಮಾಡಿಕೊಂಡರು. ಮಳೆಯಿಂದ ಹಿಂದಿನ ದಿನದ ಆಟ ನಿಂತಿತ್ತೆಂದು ನಾನೇ ಹುಡುಕಿ ಹೇಳಿದಾಗ ಮುಖ ಅರಳಿತು. ಮೊಣಕೈಯವನು ಆಗಸ್ಟ್ ಆರಕ್ಕೆ ಸರಿಯಾಗಿ ಬಂದು ಏಳು ಜನರನ್ನು ಔಟ್ ಮಾಡಿದ. ಊರುಗೋಲಿನವನು ಓಡುವುದನ್ನು ನೋಡಿ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಚಪ್ಪಾಳೆ ತಟ್ಟಿದಳು. ನನ್ನ ತಂಡಕ್ಕೆ ಅವಳು ಒಮ್ಮೆಯೂ ತಟ್ಟಿದವಳಲ್ಲ.

ಆದರೆ ಮೊದಲ ಮೂರು ತಿಂಗಳ ಸೊನ್ನೆಗಳು ಹಾಗೇ ಇದ್ದವಲ್ಲ. ಅವರ ತಂಡ ಕೆಳಗಿನಿಂದ ಮೇಲಕ್ಕೆ ತೆವಳುತ್ತ ಬಂತು, ನನ್ನದು ಮೇಲಿನಿಂದ ಜಾರುತ್ತ ಬಂತು. ಸೆಪ್ಟೆಂಬರಿನ ಕೊನೆಯ ಭಾನುವಾರ, ಸೀಸನ್ನಿನ ಕಟ್ಟಕಡೆಯ ದಿನ, ನಾನು ಒಂಬತ್ತನೆಯವನು, ಅವರು ಹತ್ತನೆಯವರು. ನಡುವೆ ಆರು ಪಾಯಿಂಟು. ಇಬ್ಬರಲ್ಲಿ ಒಬ್ಬರು ಹೊರಗೆ.

ನಾನು ಹೋದರೆ? ಅಧ್ಯಕ್ಷನೇ ಲೀಗಿನಿಂದ ಹೊರಗೆ, ಅದೂ ತಾನೇ ಮಾಡಿದ ನಿಯಮದಿಂದ. ನಮ್ಮ ಮನೆಯಲ್ಲಿ ಸಭೆ, ನಾನು ಗರಾಜಿನಲ್ಲಿ. ಯೋಚಿಸಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅವರು ಹೋದರೆ? ಅದನ್ನು ಯೋಚಿಸದೇ ಇರಲು ಪ್ರಯತ್ನಿಸುತ್ತಿದ್ದೆ.

ಆ ದಿನ ಎಲ್ಲ ಆಟಗಳೂ ಮಧ್ಯಾಹ್ನ ಮೂರಕ್ಕೆ. ಡಾಕ್ಟರು ಎರಡೂವರೆಗೆ ನಮ್ಮ ಮನೆಗೆ ಬಂದರು, ಇಸ್ತ್ರಿ ಅಂಗಿಯಲ್ಲಿ. ಲೆಕ್ಕ ಸುಲಭವಿತ್ತು. ಅವರ ಮೊಣಕೈ ಹುಡುಗ ಆ ದಿನ ಎಸೆಯುವವನಿದ್ದ. ಕೆಟ್ಟ ದಿನದಲ್ಲೂ ಅವನು ಹತ್ತು ಪಾಯಿಂಟು ತರುತ್ತಿದ್ದ. ನನ್ನ ಕಡೆ ಎದ್ದು ನಿಂತವರು ಇಬ್ಬರು, ಅವರಿಂದ ಏನೂ ಆಗುವ ಹಾಗಿರಲಿಲ್ಲ. ನಾನು ಸೋಲಿಗೆ ಸಿದ್ಧನಾಗಿ ಕಾಫಿ ಕೊಟ್ಟೆ. ಡಾಕ್ಟರು ಫೋನ್ ತೆಗೆದು, ನಡುಗುವ ಬೆರಳಿನಿಂದ ಎರಡು ಸಲ ತಪ್ಪಿ, ಮೂರನೆಯ ಸಲ ಏನನ್ನೋ ಒತ್ತಿದರು. ನಾನು ಬಗ್ಗಿ ನೋಡಿದೆ. ಮೊಣಕೈ ಹುಡುಗನನ್ನು ಬೆಂಚಿಗೆ ಹಾಕಿದ್ದರು.

"ಡಾಕ್ಟ್ರೇ! ತಪ್ಪು ಒತ್ತಿದ್ರಿ!"

"ಇಲ್ರೀ, ಬರೋಬ್ಬರಿ ಒತ್ತೇನಿ. ಹ್ವಾದ ಮ್ಯಾಚಿನ್ಯಾಗ ಆರನೇ ಇನಿಂಗ್ಸಿನ್ಯಾಗ ಚಂಡು ಒಗದ ಮ್ಯಾಲ ಕೈ ಹಿಂಗ ಝಾಡಿಸಿದ. ಎರಡು ಸರ್ತಿ. ಯಾರೂ ನೋಡಿಲ್ಲ. ಅವಗ ಎರಡು ವಾರ ರೆಸ್ಟ್ ಬೇಕು."

ನನಗೆ ಸಿಟ್ಟು ಬಂತು. ನಾನು ಉಳಿಯುತ್ತಿರುವುದಕ್ಕೆ ಸಂತೋಷವಾಗಬೇಕಿತ್ತು, ಬಂದದ್ದು ಸಿಟ್ಟು. "ನೀವು ಇಲ್ಲಿ ಬೆಂಚಿಗೆ ಹಾಕಿದ್ರೆ ಅವನು ಅಲ್ಲಿ ಸುಮ್ಮನೆ ಕೂತ್ಕೋತಾನಾ? ಅವನು ಹೇಗೂ ಆಡ್ತಾನೆ ಡಾಕ್ಟ್ರೇ! ಇದು ಆಪು! ನಿಮ್ಮ ಸೀಟು ಹೋಗುತ್ತೆ, ಶನಿವಾರ ಹೋಗುತ್ತೆ, ಅಷ್ಟೇ ಆಗೋದು!"

"ಗೊತ್ತದ್ರೀ." ಫೋನನ್ನು ಜೇಬಿಗೆ ಹಾಕಿಕೊಂಡರು. "ಆದ್ರೂ ಆ ಕೈ ನೋಡಿ ಆಡು ಅಂತ ನಾ ಒಬ್ಬಾವ ಹೇಳಂಗಿಲ್ಲ. ನಲವತ್ತು ವರ್ಷ ಯಾರಿಗೂ ಹೇಳಿಲ್ಲ."

ಆಟ ಶುರುವಾಯಿತು. ಹುಡುಗ ಅದ್ಭುತವಾಗಿ ಎಸೆದ. ಒಬ್ಬರಾದ ಮೇಲೊಬ್ಬರು ಔಟಾದರು. ನಾಲ್ಕು ಇನಿಂಗ್ಸಿನಲ್ಲಿ ಅವನು ಗಳಿಸಿದ ಪಾಯಿಂಟು ಡಾಕ್ಟರ ಸೀಟನ್ನು ಎರಡು ಸಲ ಉಳಿಸುವಷ್ಟಿತ್ತು, ಅಷ್ಟೂ ಬೆಂಚಿನಲ್ಲಿ ಕೊಳೆಯುತ್ತಿತ್ತು. ನಾನು ತಲೆ ಚಚ್ಚಿಕೊಂಡೆ. ಡಾಕ್ಟರು ಪಾಯಿಂಟಿನ ಕಡೆ ನೋಡಲೇ ಇಲ್ಲ, ಕುರ್ಚಿಯ ತುದಿಗೆ ಬಂದು ಅವನ ಕೈಯನ್ನೇ ನೋಡುತ್ತಿದ್ದರು. ಐದನೆಯ ಇನಿಂಗ್ಸಿನಲ್ಲಿ ಒಂದು ಚೆಂಡು ಎಸೆದ ಮೇಲೆ ಹುಡುಗ ಕೈ ಝಾಡಿಸಿದ. ಡಾಕ್ಟರು "ಹಾಂ" ಎಂದರು. ಇನ್ನೊಂದು ಎಸೆದ, ಮತ್ತೆ ಝಾಡಿಸಿದ. ತಂಡದವರು ಓಡಿ ಬಂದು ಸುತ್ತ ನಿಂತರು. ಅವನನ್ನು ಕರೆದುಕೊಂಡು ಹೋದರು. ಟೀವಿಯವರು ಯಾರಿಗೂ ಸುಳಿವೇ ಇರಲಿಲ್ಲ ಎಂದು ಆಶ್ಚರ್ಯಪಟ್ಟರು.

ನಾನು ಡಾಕ್ಟರ ಕಡೆ ನೋಡಿದೆ. ಕಣ್ಣು ನೆಟ್ಟಗಿದೆ ಎಂದು ಗೊತ್ತಾಯಿತು, ಅದೇ ಗಳಿಗೆಯಲ್ಲಿ ಸೀಟು ಹೋಯಿತು. ಅವರಿಗೆ ಗೆದ್ದೆ ಎಂಬ ಸಂತೋಷ ಚೂರೂ ಇರಲಿಲ್ಲ. "ಪಾಪ ಹುಡುಗ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಆರು ಗಂಟೆಗೆ ಎಲ್ಲ ಮುಗಿಯಿತು. ನಾನು ಒಂಬತ್ತು, ಅವರು ಹತ್ತು. "ಆ ನಿಯಮ ತೆಗೆದು ಹಾಕ್ತೀನಿ ಡಾಕ್ಟ್ರೇ, ನಾನೇ ಮಾಡಿದ್ದು" ಎಂದೆ.

"ಬ್ಯಾಡ್ರೀ. ರೂಲ್ ಅಂದ್ರ ರೂಲು." ಎದ್ದು ನನ್ನ ಹೆಂಡತಿಗೆ, "ಬರ್ತೇನಿ ತಂಗಿ, ಉಪ್ಪಿಟ್ಟು ಛಲೋ ಇರ್ತಿತ್ತು" ಎಂದರು. ಇರ್ತಿತ್ತು ಎಂದರು. ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳತೊಡಗಿದರು. ಲೇಸು ಕಟ್ಟಲು ಅವರಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಒಂದು ತಮಾಷೆಗಾಗಿ ನಾನು ಈ ಮನುಷ್ಯನಿಗೆ ಏನು ಬರೆದಿದ್ದೆ!

ಎದುರಿನ ಮೆಟ್ಟಿಲ ಮೇಲೆ ಕೂತೆ. ಎಡಗಾಲಿನ ಪ್ಯಾಂಟು ಮೇಲಕ್ಕೆ ಸರಿಸಿದೆ.

"ಡಾಕ್ಟ್ರೇ, ಹೋಗೋಕೆ ಮುಂಚೆ ಈ ಮಂಡಿ ಸ್ವಲ್ಪ ನೋಡ್ತೀರಾ? ಜನವರಿಯಿಂದ ನೋವು."

ಲೇಸು ಬಿಟ್ಟು ತಲೆ ಎತ್ತಿದರು. "ಜನವರಿಯಿಂದ ಕುಂಟೂದು ನಾ ನೋಡಾಕತ್ತೇನಿ. ನೀವು ಯಾವಾಗ ಕೇಳ್ತೀರಿ ಅಂತ ಕಾಯಾಕತ್ತಿದ್ದೆ."

ನಡುಗುವ ಕೈಯೇ ನನ್ನ ಮಂಡಿಯ ಮೇಲೆ ಬಂತು, ಆದರೆ ನೋವಿದ್ದ ಜಾಗಕ್ಕೆ ನೇರವಾಗಿ ಹೋಗಿ ಒತ್ತಿತು. ಮೊದಲು ಕಿರುಚಿದೆ, ಆಮೇಲೆ ತಪ್ಪಾಯಿತು ಡಾಕ್ಟ್ರೇ ಎಂದೆ. ಯಾವುದಕ್ಕೆ ಎಂದು ಅವರು ಕೇಳಲಿಲ್ಲ. ಬಗ್ಗಿಸಿದರು, ತಿರುಗಿಸಿದರು, ನೋಟುಪುಸ್ತಕ ತೆಗೆದರು. ಮೊಣಕೈ, ಭುಜ, ಮಣಿಕಟ್ಟುಗಳ ಕೆಳಗೆ ನನ್ನ ಹೆಸರು ಬರೆದು, ಎಡ ಮಂಡಿ ಎಂದು ಬರೆದು, ಮುಂದೆ ತಾರೀಖು ಹಾಕಿದರು: ಅಕ್ಟೋಬರ್ ಹನ್ನೆರಡು.

"ಅಲ್ಲೀತನಾ ಮೆಟ್ಟಲ ಹತ್ತಂಗಿಲ್ಲ. ಬೆಂಚಿಗೆ ಹಾಕೇನಿ ನಿಮ್ಮನ್ನ. ಶನಿವಾರ ಬಂದು ನೋಡ್ತೇನಿ, ಫಾಲೋ ಅಪ್ ಬೇಕಾಗ್ತದ."

ಆ ಸಂಜೆ ವರ್ಷದ ಕೊನೆಯ ಬಲಾಬಲ ಬರೆದೆ. ಹತ್ತನೆಯ ಸ್ಥಾನದಲ್ಲಿ ಡಾಕ್ಟರ ತಂಡವನ್ನು ಹಾಕಿದೆ, ನಿಯಮ ನಿಯಮವೇ. ಕೆಳಗೆ ಸೇರಿಸಿದೆ: "ನನ್ನ ಮಂಡಿಯನ್ನು ಡಾಕ್ಟರಿಗೆ ತೋರಿಸಿದೆ. ಎರಡು ವಾರ ಬೆಂಚು. ಶನಿವಾರ ಹತ್ತಕ್ಕೆ ಅವರು ನಮ್ಮ ಮನೆಯಲ್ಲಿರುತ್ತಾರೆ." ಆಮೇಲೆ ಒಬ್ಬರು ತಮ್ಮ ಭುಜದ ವಿಷಯ ಎತ್ತಿದರು. ಇನ್ನೊಬ್ಬರು ಸೊಂಟ. ಎರಡು ವರ್ಷ ಇವರೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ! ಶನಿವಾರ ಆರು ಜನ ಕುಂಟುತ್ತ ಬಂದರು. ಡಾಕ್ಟರ ಉಪ್ಪಿಟ್ಟು ತಟ್ಟೆಯಲ್ಲೇ ತಣ್ಣಗಾಯಿತು, ನನ್ನ ಹೆಂಡತಿ ಎರಡು ಸಲ ಬಿಸಿ ಮಾಡಿ ಕೊಟ್ಟಳು.

ನನ್ನ ಮಂಡಿ ಅಕ್ಟೋಬರ್ ಹನ್ನೊಂದಕ್ಕೇ ಸರಿಹೋಯಿತು. ನೋವಿಲ್ಲದೆ ಮಹಡಿ ಹತ್ತಿ ಇಳಿದೆ. ಹೆಂಡತಿಗೆ ಬಾಯಿ ಬಿಡಬೇಡ ಎಂದು ಹೇಳಿ, ಡಾಕ್ಟರಿಗೆ ಫೋನ್ ಮಾಡಿದ್ದು ಹನ್ನೆರಡನೆಯ ತಾರೀಖು.